ಸುತ್ತುವ ಸ್ವರ: ಪೆಟ್ಟಿಗೆಯೋ, ಕಂಪ್ಯೂಟರೋ?

ಒಬ್ಬನೇ ಕಲಾವಿದ ಗಿಟಾರಿನಲ್ಲಿ ನಾಲ್ಕು ಸ್ವರ ನುಡಿಸಿ, ಕಾಲಿನಿಂದ ಒಂದು ಗುಂಡಿ ಒತ್ತುತ್ತಾನೆ. ಆ ಸ್ವರಗಳು ತಾವಾಗಿಯೇ ಮರಳಿ ಮರಳಿ ಕೇಳತೊಡಗುತ್ತವೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಇದೇ ಲೂಪಿಂಗ್. ಇದಕ್ಕೆ ಕಾಲಡಿಯ ಪೆಡಲ್ ಮೇಲೋ, ಲ್ಯಾಪ್‌ಟಾಪ್ ಮೇಲೋ ಎಂಬ ವಾದ ಇಲ್ಲಿನ ಸಂಗೀತಗಾರರಲ್ಲಿ ಇನ್ನೂ ಮುಗಿದಿಲ್ಲ. ಇತಿಹಾಸವನ್ನು ನೋಡಿದರೆ, ಪ್ರತಿ ಯಂತ್ರವೂ ತನ್ನ ಮಿತಿಯನ್ನೇ ಸಂಗೀತಕ್ಕೆ ಕೊಟ್ಟಿರುವುದು ಕಾಣುತ್ತದೆ.

1948ರಲ್ಲಿ ಪ್ಯಾರಿಸ್ಸಿನ ರೇಡಿಯೋದಲ್ಲಿ ಪಿಯೆರ್ ಶೇಫರ್, ಗ್ರಾಮಫೋನ್ ತಟ್ಟೆಯ ಗೆರೆ ಮುಂದೆ ಹೋಗದೆ ವೃತ್ತವಾಗಿ ಮುಚ್ಚಿಕೊಳ್ಳುವಂತೆ ಮಾಡಿದರು. ಮುಳ್ಳು ಅಲ್ಲೇ ಸುತ್ತಿತು. ನಿಮಿಷಕ್ಕೆ 78 ಸುತ್ತಿನ ತಟ್ಟೆಯಲ್ಲಿ ಒಂದು ಆವರ್ತಕ್ಕೆ ಸುಮಾರು ಮುಕ್ಕಾಲು ಸೆಕೆಂಡ್, ಅಷ್ಟೇ.

1963ರಲ್ಲಿ ಅದೇ ಪ್ಯಾರಿಸ್ಸಿನಲ್ಲಿ ಕ್ಯಾಲಿಫೋರ್ನಿಯಾದ ಟೆರ್ರಿ ರೈಲಿಗೆ, ರೇಡಿಯೋದ ತಂತ್ರಜ್ಞರೊಬ್ಬರು ಒಂದೇ ಟೇಪನ್ನು ಎರಡು ರೆಕಾರ್ಡರುಗಳಿಗೆ ಹಾಯಿಸಿ ತೋರಿಸಿದರು. ಮೊದಲನೆಯದು ಮುದ್ರಿಸುತ್ತದೆ, ಎರಡನೆಯದು ಕೇಳಿಸಿ ಧ್ವನಿಯನ್ನು ಮೊದಲನೆಯದಕ್ಕೇ ಹಿಂದಿರುಗಿಸುತ್ತದೆ. 1972ರಲ್ಲಿ ಲಂಡನ್ನಿನ ಬ್ರಯಾನ್ ಈನೋ ಇದೇ ಜೋಡಣೆಯಲ್ಲಿ ರಾಬರ್ಟ್ ಫ್ರಿಪ್ಪರ ಗಿಟಾರನ್ನು ಸುತ್ತಿಸಿದರು. ಇಲ್ಲಿ ಕಾಲವೆಂದರೆ ದೂರ. ಟೇಪು ಸೆಕೆಂಡಿಗೆ ಏಳೂವರೆ ಇಂಚು ಓಡಿದರೆ, ನಾಲ್ಕು ಸೆಕೆಂಡಿನ ಆವರ್ತಕ್ಕೆ ಯಂತ್ರಗಳ ನಡುವೆ 30 ಇಂಚು ಟೇಪು ಬೇಕು. ಲಯ ಬದಲಿಸಬೇಕೆಂದರೆ ಯಂತ್ರವನ್ನೇ ಎಳೆಯಬೇಕು!

ರೈಲಿ 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯರಾಗಿ ತಂಬೂರಿ ಹಿಡಿದರು. ಅದು ಕಿರಾನಾ ಘರಾನಾ, ನಮ್ಮ ಸವಾಯಿ ಗಂಧರ್ವರ, ಗಂಗೂಬಾಯಿ ಹಾನಗಲ್ಲರ ಮನೆತನ. ಸುತ್ತುವ ಧ್ವನಿಯ ಮೇಲೆ ತಾಳ್ಮೆಯಿಂದ ಕಟ್ಟುವ ವಿದ್ಯೆ ಅಲ್ಲಿ ಯಂತ್ರವಿಲ್ಲದೆಯೇ ಇತ್ತು.

ಬಳಿಕ ಟೇಪಿನ ಜಾಗಕ್ಕೆ ಡಿಜಿಟಲ್ ಮೆಮೊರಿ ಬಂತು. ಮತಿಯಾಸ್ ಗ್ರೋಬ್ ವಿನ್ಯಾಸದಿಂದ ಹುಟ್ಟಿದ ಎಕೋಪ್ಲೆಕ್ಸ್ ಡಿಜಿಟಲ್ ಪ್ರೋದಲ್ಲಿ ಗರಿಷ್ಠ 198 ಸೆಕೆಂಡ್ ಹಿಡಿಯುತ್ತಿತ್ತು. ಓಡುತ್ತಿರುವ ಲೂಪನ್ನು ಗುಣಿಸಬಹುದು, ನಡುವೆ ತುಣುಕು ಸೇರಿಸಬಹುದು, ತಪ್ಪಿದ ಪದರವನ್ನು ಅಳಿಸಬಹುದು, ಎಲ್ಲವೂ ಕಾಲಿನಿಂದಲೇ.

2001ರಲ್ಲಿ ಎರಡು ದಾರಿಗಳೂ ಒಟ್ಟಿಗೆ ತೆರೆದವು. ಬಾಸ್ ಕಂಪನಿಯ ಆರ್‌ಸಿ-20 ಪೆಡಲ್ ಬಂದ ವರ್ಷವೇ ಬರ್ಲಿನ್ನಿನಿಂದ ಏಬಲ್ಟನ್ ಲೈವ್ ಸಾಫ್ಟ್‌ವೇರ್ ಬಂತು. ಕಂಪ್ಯೂಟರಿಗೆ ಪದರಗಳ ಮಿತಿ ಹೆಚ್ಚುಕಡಿಮೆ ಇಲ್ಲ. ಆದರೆ ಅದು ಧ್ವನಿಯನ್ನು ಕಂತುಗಳಲ್ಲಿ ನುಂಗುತ್ತದೆ. ಸೆಕೆಂಡಿಗೆ 44,100 ಮಾದರಿಗಳಿರುವಾಗ ಒಂದು ಕಂತಿಗೆ 1,024 ಆದರೆ 23 ಮಿಲಿಸೆಕೆಂಡ್ ತಡ. 256 ಆದರೆ ಆರಕ್ಕೂ ಕಡಿಮೆ. ಒಳಹೋಗಿ ಹೊರಬರುವಷ್ಟರಲ್ಲಿ ಅದು ಇನ್ನಷ್ಟು ಬೆಳೆಯುತ್ತದೆ. ಕಂತು ತೀರಾ ಚಿಕ್ಕದಾದರೆ ಯಂತ್ರ ಹಿಂದೆ ಬಿದ್ದು ಸದ್ದು ಚಟಪಟ ಒಡೆಯುತ್ತದೆ. ಸಮ ತಪ್ಪಿ ಮುಚ್ಚಿದ ಲೂಪು ಪ್ರತಿ ಆವರ್ತದಲ್ಲೂ ಆ ತಪ್ಪನ್ನೇ ಹಾಡುತ್ತದೆ.

2004ರಲ್ಲಿ ಬಿಬಿಸಿಯ ಕಾರ್ಯಕ್ರಮವೊಂದಕ್ಕೆ ಕೊನೆಗಳಿಗೆಯಲ್ಲಿ ಕರೆ ಬಂದಾಗ, ಸ್ಕಾಟ್ಲೆಂಡಿನ ಕೆ.ಟಿ. ಟನ್‌ಸ್ಟಾಲ್ ಒಂದು ಗಿಟಾರ್, ಒಂದು ಅಕಾಯ್ ಪೆಡಲ್ ಇಟ್ಟುಕೊಂಡು ಒಬ್ಬರೇ ಇಡೀ ತಂಡವಾದರು. ಪದರಗಳು ಒಂದೊಂದಾಗಿ ಹುಟ್ಟುವುದನ್ನು ಪ್ರೇಕ್ಷಕರು ಕಣ್ಣಾರೆ ಕಂಡರು. ಪೆಡಲಿನ ದೊಡ್ಡ ಬಲ ಅದೇ: ಮಾಡುವುದೆಲ್ಲ ಸಭೆಗೆ ಕಾಣುತ್ತದೆ. ಪರದೆಯ ಹಿಂದೆ ತಲೆಬಾಗಿಸಿದವರು ನುಡಿಸುತ್ತಿದ್ದಾರೋ ಮಿಂಚಂಚೆ ಓದುತ್ತಿದ್ದಾರೋ, ಸಭೆಗೆ ತಿಳಿಯದು.

ಹಾಗೆಂದು ಪೆಟ್ಟಿಗೆಯೇ ಗೆದ್ದಿತೆನ್ನಲಾಗದು. ಎಕೋಪ್ಲೆಕ್ಸ್ ಈಗ ತಯಾರಾಗುತ್ತಿಲ್ಲ. ಕಂಪನಿ ಕೈಬಿಟ್ಟ ಯಂತ್ರದ ಜೊತೆಗೆ ಅದರ ನುಡಿಸಾಣಿಕೆಯೂ ಮಣ್ಣುಪಾಲಾಗಬಹುದಿತ್ತು. ಅದನ್ನು ಉಳಿಸಿದ್ದು ಆ ಯಂತ್ರದ ಮಾದರಿಯಲ್ಲೇ ಬರೆದ ಮೋಬಿಯಸ್ ಎಂಬ ಸಾಫ್ಟ್‌ವೇರ್. ಅತ್ತ, ಲ್ಯಾಪ್‌ಟಾಪಿನವರೂ ಕಾಲಡಿಗೆ ಗುಂಡಿಗಳ ಹಲಗೆಯನ್ನು ಜೋಡಿಸಿಕೊಂಡೇ ವೇದಿಕೆ ಹತ್ತುತ್ತಾರೆ.

ಹೊರನಾಡಿನ ನಮ್ಮ ಮನೆಗಳಲ್ಲೂ ಮಕ್ಕಳ ಸಂಗೀತಪಾಠಕ್ಕೆ ಶ್ರುತಿ ಈಗ ಫೋನಿನಿಂದ ಬರುತ್ತದೆ. ಹಳೆಯ ಶ್ರುತಿಪೆಟ್ಟಿಗೆ ಕಪಾಟಿನಲ್ಲಿದೆ. ಯಾವುದರಿಂದ ಬಂದರೂ ಶ್ರುತಿ ಸೇರಿಸಬೇಕಾದದ್ದು ಮಗುವಿನ ಕಂಠವೇ. ಲೂಪಿನಲ್ಲೂ ಹಾಗೆಯೇ: ಸುತ್ತುವುದು ಯಂತ್ರದ ಕೆಲಸ, ಸಮಕ್ಕೆ ಸರಿಯಾಗಿ ಮುಚ್ಚುವುದು ಕಾಲಿನ ಕೆಲಸ.