ಹಳೆ ಇಂಜಿನ್ನ ಎಲ್ಲಿ ತನಕ ಬಿಚ್ಚಬೇಕು?

ಕೌದಿ ಹೊಲಿಯೋರಿಗೆಲ್ಲಾ ಒಂದು ಮಾತು ಗೊತ್ತಿರತದ. ಹಳೆ ಅರಿವಿಗೆ ಗಟ್ಟಿ ಹೊಸಾ ತ್ಯಾಪಿ ಹಚ್ಚಿದ್ರ ತ್ಯಾಪಿ ಹಂಗ ಉಳೀತದ, ಸುತ್ತಲಿನ ಅರಿವಿ ಹರೀತದ. ಹಳೆ ಕಾರಿನ ಇಂಜಿನ್ನಿಗೂ ಈ ಮಾತು ಹತ್ತತದ. ಗಂಡಸರು ಅಂಗಳದಾಗ ಬಾನೆಟ್ ತೆಗೆದು ನಿಂತು ಎಷ್ಟ ವಾದಾ ಮಾಡಿದ್ರೂ ಕಡೀಕ ಬರೂದು ಒಂದ ಪ್ರಶ್ನೆಕ್ಕ: ಎಲ್ಲಿ ತನಕ ಬಿಚ್ಚೂದು, ಎಲ್ಲೆ ನಿಲ್ಲಸೂದು? ಉತ್ತರ ಬೇಕಂದ್ರ ನಾವೆಲ್ಲಾ ಹತ್ತಿ ಇಳಿದ ಅಂಬಾಸಿಡರಿನ ಇತಿಹಾಸ ಸ್ವಲ್ಪ ನೋಡಬೇಕ್ರಿ.

ಬಿರ್ಲಾ ಅವರ ಹಿಂದುಸ್ತಾನ್ ಮೋಟರ್ಸ್ ಕಂಪನಿ ಶುರುವಾದದ್ದು 1942ರಾಗ, ಗುಜರಾತಿನ ಓಖಾ ಬಂದರದಾಗ. ಆಮ್ಯಾಲೆ ಕಲಕತ್ತಾ ಹತ್ರದ ಉತ್ತರಪಾರಾಕ್ಕ ಹೋತು. ಇಂಗ್ಲಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸ್ ಗಾಡಿನ 1957ರಾಗ ಇಲ್ಲೆ ಅಂಬಾಸಿಡರ್ ಆತು. ಮೊದಲಿಗೆ ಅದರಾಗ 1476 ಸಿಸಿ ಸೈಡ್ ವಾಲ್ವ್ ಇಂಜಿನ್ ಇತ್ತು. 1959ರಾಗ 1489 ಸಿಸಿದ ಬಿಎಂಸಿ ಇಂಜಿನ್ ಬಂತು, ವಾಲ್ವ್ ತಲೀ ಮ್ಯಾಲೆ ಇರೂವಂಥದು. ಇಂಗ್ಲಂಡಿನಾಗ ಎಂಜಿಎ ಅನ್ನೋ ಸ್ಪೋರ್ಟ್ಸ್ ಕಾರಿಗೂ ಇದ ಮನೆತನದ 1489 ಸಿಸಿ ಇಂಜಿನ್ ಹಾಕಿದ್ರು. ಅಲ್ಲೆ ರೇಸಿಗೆ ಓಡಿದ್ದು ನಮ್ಮಲ್ಲೆ ಹತ್ತು ಮಂದಿ, ಎರಡು ಟ್ರಂಕು, ಒಂದು ಚೀಲ ಜೋಳ ಹೊತ್ತು ಜಾತ್ರಿಗೆ ಓಡ್ತು. 2014ರ ಮೇ ತಿಂಗಳದಾಗ ಉತ್ತರಪಾರಾ ಕಾರ್ಖಾನಿ ಬಂದ್ ಆತು.

ಆ ಕಾಲದಾಗ ಇಂಜಿನ್ ಹೋತು ಅಂದ್ರ ಹೊಸಾ ಗಾಡಿ ತರೋಣು ಅನ್ನೂ ಮಾತ ಇರಲಿಲ್ಲ. ಇಲ್ಲೆ ತಯಾರು ಮಾಡೂ ಕಂಪನಿಗಳಷ್ಟ ಇರಲಿ ಅಂತ ಸರಕಾರ 1950ರ ದಶಕದಾಗ ಠರಾಯಿಸಿತು. ಬರೇ ಜೋಡಿಸಿ ಮಾರೂ ಫೋರ್ಡ್, ಜನರಲ್ ಮೋಟರ್ಸ್ ಎದ್ದು ಹೋದ್ವು. ರೊಕ್ಕಾ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಿಂಗಾಗಿ ಇದ್ದ ಇಂಜಿನ್ನ ಮತ್ತ ಮತ್ತ ಜೀವಾ ಮಾಡೂ ವಿದ್ಯಾ ಊರೂರಾಗ ಬೆಳೀತು.

ಆ ವಿದ್ಯಾದಾಗ ಪಾವಟಿಗಿ ಅವ. ಮೊದಲನೇದು ಏನೂ ಬಿಚ್ಚದ ಮಾಡೂದು: ಪ್ಲಗ್ಗು, ಪಾಯಿಂಟು, ಕಾರ್ಬೊರೇಟರ್ ಸ್ವಚ್ಛ ಮಾಡಿ ಟ್ಯಾಪೆಟ್ ಸೆಟ್ ಮಾಡೂದು. ಎರಡನೇದು ಹೆಡ್ ಬಿಚ್ಚೂದು. ಕಟ್ಟಿದ ಮಸಿ ಕೆರೆದು, ವಾಲ್ವಿಗೆ ಪೇಸ್ಟ್ ಹಚ್ಚಿ ಅದರ ಸೀಟಿನ್ಯಾಗ ತಿಕ್ಕತಾರ. ಮಿಸ್ತ್ರಿ ಕೋಲನ್ನ ಎರಡೂ ಅಂಗೈ ನಡುವ ಹಿಡಿದು ತಿರುವೂದು ನೋಡಿದ್ರ ಕಡಗೋಲಿಲೆ ಮಜ್ಜಿಗಿ ಕಡದಂಗ ಕಾಣತದ. ಮೂರನೇದು ಹಾಫ್ ಇಂಜಿನ್: ಕ್ರ್ಯಾಂಕ್ ಅಲ್ಲೇ ಬಿಟ್ಟು ಪಿಸ್ಟನ್ ತಗದು ರಿಂಗು, ಬೇರಿಂಗು ಬದಲಿ ಮಾಡೂದು. ನಾಲ್ಕನೇದು ಫುಲ್ ಇಂಜಿನ್: ಪೂರಾ ಕೆಳಗ ಇಳಿಸಿ ಲೇತ್ ಅಂಗಡಿಗೆ ಒಯ್ದು ಬೋರ್ ಮಾಡಿಸೂದು, ಕ್ರ್ಯಾಂಕ್ ಗ್ರೈಂಡ್ ಮಾಡಿಸೂದು. ಕಡೀ ಪಾವಟಿಗಿ, ಇಂಜಿನ್ನ ಬ್ಯಾರೆ ಹಾಕೂದು.

ಯಾವ ಪಾವಟಿಗಿಗೆ ನಿಲ್ಲಬೇಕು ಅಂತ ಇಂಜಿನ್ನ ಹೇಳತದ, ಕೇಳೂ ರೀತಿ ಗೊತ್ತಿರಬೇಕು. ನೀಲಿ ಹೊಗಿ ಬಂದ್ರ ಆಯಿಲ್ ಸುಡಾಕತ್ತದ, ಕರೀ ಹೊಗಿ ಬಂದ್ರ ಪೆಟ್ರೋಲ್ ಹೆಚ್ಚಾಗೇದ. ಪ್ಲಗ್ ತಗದು ಮೀಟರ್ ಹಚ್ಚಿ ಕಂಪ್ರೆಶನ್ ನೋಡತಾರ. ಕಡಿಮಿ ಬಂದ್ರ ಆ ತೂತಿನ್ಯಾಗ ಒಂದು ಚಮಚಾ ಆಯಿಲ್ ಹಾಕಿ ಮತ್ತ ನೋಡತಾರ. ಈಗ ಏರಿದ್ರ ಸವೆದದ್ದು ರಿಂಗು ಇಲ್ಲಾ ಬೋರು. ಏರದಿದ್ರ ಸೋರಾಕತ್ತಿದ್ದು ಹೆಚ್ಚಾಗಿ ವಾಲ್ವಿನ್ಯಾಗ. ಒಂದು ಚಮಚಾ ಆಯಿಲ್ ಸಾವಿರಗಟ್ಟಲೆ ರೊಕ್ಕಾ ಉಳಸತದ ನೋಡ್ರಿ.

ಫುಲ್ ಇಂಜಿನ್ ಮಾಡಿಸಿಬಿಟ್ರ ಚಿಂತಿನ ಇಲ್ಲಲ್ಲಾ ಅಂತ ನಿಮಗ ಅನಸಬಹುದು. ಅಲ್ಲೇ ಅದ ಖರೆ ತ್ರಾಸು. ತಾಮ್ರದ ಹಂಡೆಕ್ಕ ಕಲಾಯಿ ಹಾಕಿದ್ರ ಮ್ಯಾಲೆ ಒಂದು ಪದರ ಕೂಡತದ. ಬೋರ್ ಮಾಡೂದು ಈಳಿಗಿ ಮಸದಂಗ, ಪ್ರತಿ ಸಲ ಲೋಹ ಹೋಗತದ. ಅಂಬಾಸಿಡರಿನ ಈ ಇಂಜಿನ್ನಿಗೆ ಪಿಸ್ಟನ್ ಸಿಗೂದು ಮೂಲ ಅಳತಿಕಿಂತ 10, 20, 30, 40 ಥೌ ದೊಡ್ಡದು. ಥೌ ಅಂದ್ರ ಇಂಚಿನ ಸಾವಿರದಾಗ ಒಂದು ಪಾಲು. 40 ಥೌ ಅಂದ್ರ ಒಂದು ಮಿಲಿಮೀಟರ್. ಒಂದು ಬ್ಲಾಕಿನ ಪೂರಾ ಆಯುಷ್ಯ ಈ ಒಂದು ಮಿಲಿಮೀಟರಿನ್ಯಾಗ ಅದ! ಅದು ಮುಗದ ಮ್ಯಾಲೆ ಸ್ಲೀವ್ ಕೂಡಿಸೂದೊಂದ ದಾರಿ.

ನಮ್ಮ ಮನ್ಯಾಗ ಮಾವನವರು ಬಿಟ್ಟು ಹೋದ 1972ರ ಮಾರ್ಕ್ 2 ಅದ. ನೀಲಿ ಹೊಗಿ ಶುರುವಾದಾಗ ಮೈದುನ ಡೀಸೆಲ್ ಇಂಜಿನ್ ಹಾಕೋಣು ಅಂದ. ನಮ್ಮ ಮನಿಯವರು, ಫುಲ್ ಇಂಜಿನ್ ಮಾಡಿಸೇ ಬಿಡೋಣು ಅಂದ್ರು. ಮಿಸ್ತ್ರಿ ಮಾತ್ರ, "ಮೊದಲ ಹೆಡ್ ಬಿಚ್ಚಿ ಅಳತಿ ನೋಡೋಣ್ರಿ ಸಾಹೇಬ್ರ, ಆಮ್ಯಾಲೆ ಮಾತಾಡೋಣು" ಅಂದ. ಬಿಚ್ಚಿ ನೋಡಿದ್ರ ಪಿಸ್ಟನ್ ತಲೀ ಮ್ಯಾಲೆ 030 ಅಂತ ಛಾಪು ಇತ್ತು. ಅಂದ್ರ ಮೂರನೇ ಅಳತಿಗೆ ಆಗಲೇ ಬಂದದ, ಉಳಿದದ್ದು ಒಂದ ಕೊರತ. ಆ ಛಾಪು ಓದಿದಾಗ ಮಾವನವರ ಹಿಶೇಬಿನ ವಹಿನ ಕೈಯಾಗ ಸಿಕ್ಕಂಗಾತು.

ಇನ್ನೊಂದು ಸಂಗತಿ ಪೆಟ್ರೋಲಿಂದು. 1921ರಾಗ ಅಮೇರಿಕಾದ ಥಾಮಸ್ ಮಿಜ್ಲಿ, ಸೀಸದ ಸಂಯುಕ್ತ ಹಾಕಿದ್ರ ಇಂಜಿನ್ ಬಡಿಯೂದು ನಿಲ್ಲತದ ಅಂತ ಕಂಡುಹಿಡಿದ. ಸೀಸ ವಿಷ, ಕೂಸುಗಳ ಮಿದುಳಿಗೆ ಕೆಟ್ಟದ್ದು. ಆದ್ರ ಅದು ವಾಲ್ವಿನ ಸೀಟಿಗೆ ಸವೆಯದಂಗ ಕಾವಲಿತ್ತು. 2000ದಾಗ ನಮ್ಮ ದೇಶದ ತುಂಬ ಸೀಸದ ಪೆಟ್ರೋಲ್ ಬಂದ್ ಆತು, ಚೊಲೋನ ಆತು. ಆದ್ರ ಎರಕದ ಕಬ್ಬಿಣದ ಹಳೆ ಹೆಡ್ಡಿನ್ಯಾಗ ಸೀಟು ಈಗ ಲಗೂನ ಸವೀತದ. ಅದಕ್ಕ ಹೆಂಗೂ ಹೆಡ್ ಬಿಚ್ಚಿದಾಗ ಗಟ್ಟಿ ಸೀಟು ಕೂಡಿಸೂದು ಚೊಲೊ.

ಕಾನೂನೂ ಈಗ ನಡುವ ಬಂದದ. 2021ರ ನಿಯಮದಾಗ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ನೋಂದಣಿ ಸಿಗತದ, ನಂಬರಿನ್ಯಾಗ ವಿಎ ಅಕ್ಷರ ಬರ್ತದ, ಫೀ 20,000 ರೂಪಾಯಿ. ಆದ್ರ ಗಾಡಿ ಮೂಲ ರೂಪದಾಗ ಇರಬೇಕು, ಚಾಸಿ, ಬಾಡಿ, ಇಂಜಿನ್ ದೊಡ್ಡ ರೀತಿಯಿಂದ ಬದಲಾಗಿರಬಾರದು. ಡೀಸೆಲ್ ಇಂಜಿನ್ ಹಾಕಿದ್ರ ಆ ಬಾಗಲಾ ಮುಚ್ಚಿಧಂಗ. ಇದನ್ನ ಓದಿ ಹೇಳಿದ ಮ್ಯಾಲೆ ಮೈದುನ ಸುಮ್ಮನಾದ.

ಬೋರ್ ಅಳದಾಗ ಸವೆದದ್ದು ಮಿತಿ ಒಳಗ ಇತ್ತು. ಹಿಂಗಾಗಿ ಹಾಫ್ ಇಂಜಿನ್ನಿಗೆ ನಿಂತ್ವಿ: ಬೋರಿನ ಮ್ಯಾಲಿನ ಅಂಚು ತಗದು ಹೊಸಾ ರಿಂಗು, ಹೊಸಾ ಬೇರಿಂಗು, ಗಟ್ಟಿ ವಾಲ್ವ್ ಸೀಟು. ಆ ಅಂಚು ತಗೀದಿದ್ರ ಹೊಸಾ ರಿಂಗು ಬಡದು ಮುರೀತದಂತ, ಥೇಟ್ ಕೌದಿ ತ್ಯಾಪೀದ ಕಥಿ. ಈಗ ಗಾಡಿ ತಿಂಗಳಿಗೆರಡು ಸಲ ಧಾರವಾಡ ಹುಬ್ಬಳ್ಳಿ ಓಡತದ. ಉಳಿದ ಹತ್ತು ಥೌ ಹಂಗ ಅದ. ಅದನ್ನ ಯಾವಾಗ ಕೊರಸಬೇಕು ಅಂತ ಮಕ್ಕಳು ನಿರ್ಧಾರ ಮಾಡಲಿ.

ನಿಮ್ಮ ಮನ್ಯಾಗೂ ಹಳೆ ಗಾಡಿ ಇದ್ರ ಅಕ್ಕಂದಿರ, ಗ್ಯಾರೇಜಿಗೆ ಕಳಸೂ ಮೊದಲ ಒಂದ ಮಾತು ಕೇಳ್ರಿ: "ಅಳತಿ ನೋಡೀರೇನು?" ಅಳತಿ ಬರಕೊಂಡು ಆರ್‌ಸಿ ಬುಕ್ಕಿನ ಜೋಡಿ ಇಡ್ರಿ.