ಮಣಿಪಾಲದ ತುಳಸಿ, ಮಾಯಾಪುರಿಯ ಗುಜರಿ: ವಿಕಿರಣಕ್ಕೆ ಮದ್ದು ಹುಡುಕಿದ ಕಥೆ

ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಜಾಗ ಕೊಟ್ಟಾಗಿನಿಂದ ನಮ್ಮ ಜಿಲ್ಲೆಯಲ್ಲಿ ಒಂದು ಪ್ರಶ್ನೆ ಆಗಾಗ ಕಿವಿಗೆ ಬೀಳುತ್ತದೆ: ವಿಕಿರಣ ತಗುಲಿದರೆ ಔಷಧಿ ಇದೆಯೇ?

ಮೊದಲು ಕಾಯಿಲೆ ಏನೆಂದು ನೋಡೋಣ. ಒಮ್ಮೆಲೇ ಹೆಚ್ಚು ವಿಕಿರಣ ಬಿದ್ದರೆ ಮೂಳೆಯೊಳಗಿನ ಮಜ್ಜೆ ಸಾಯುತ್ತದೆ. ಮೊದಲ ದಿನ ವಾಂತಿ, ಆಮೇಲೆ ಗುಣವಾದಂತೆ ತೋರುತ್ತದೆ. ಕೆಲವು ವಾರಗಳಲ್ಲಿ ಬಿಳಿ ರಕ್ತಕಣ ಕುಸಿದು ಸೋಂಕು, ರಕ್ತಸ್ರಾವ ಶುರು. 1945ರಲ್ಲಿ ಹಿರೋಷಿಮಾ, ನಾಗಸಾಕಿಯಲ್ಲಿ ಜಗತ್ತು ಇದನ್ನು ಕಂಡಿತು.

1949ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಿಗೆ ಮೊದಲೇ ಸಿಸ್ಟೀನ್ ಕೊಟ್ಟು ವಿಕಿರಣ ಹಾಯಿಸಿದರು. ಹೆಚ್ಚು ಇಲಿಗಳು ಬದುಕಿದವು. ನಂತರ ಅಲ್ಲಿನ ಸೇನೆ 4,000ಕ್ಕೂ ಹೆಚ್ಚು ರಾಸಾಯನಿಕ ಪರೀಕ್ಷಿಸಿತು. ಅದರಲ್ಲಿ ಮೇಲೆ ಬಂದದ್ದು ಅಮಿಫೋಸ್ಟಿನ್. ಆದರೆ ಅದು ವಾಂತಿ ತರಿಸುತ್ತದೆ, ಬಿಪಿ ಇಳಿಸುತ್ತದೆ.

ಇಲ್ಲಿ ನಮ್ಮ ಕರ್ನಾಟಕ ಬರುತ್ತದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು ತುಳಸಿ ಎಲೆಯ ಸಾರ ಇಲಿಗಳನ್ನು ಕಾಪಾಡುತ್ತದೆಂದು 1995ರಲ್ಲಿ ಪ್ರಕಟಿಸಿದರು. 1999ರಲ್ಲಿ ಅದರೊಳಗಿನ ಓರಿಯೆಂಟಿನ್, ವೈಸೆನಿನ್ ಎಂಬ ಅಂಶಗಳೂ ಇಲಿಗಳ ಜೀವ ಉಳಿಸಿದ್ದನ್ನು ತೋರಿಸಿದರು. ಹಾಗೆಂದು ತುಳಸಿ ಕಷಾಯ ಕುಡಿದರೆ ಸಾಕು ಎಂದುಕೊಳ್ಳಬೇಡಿ. ಅದು ಇಲಿಗೆ, ವಿಕಿರಣಕ್ಕೆ ಮೊದಲೇ, ಅಳತೆ ಮಾಡಿ ಚುಚ್ಚಿದ್ದು.

ಅಪಘಾತ ಹೇಳಿ ಬರುವುದಿಲ್ಲವಲ್ಲ! 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೇ ಯಂತ್ರ ಮಾಯಾಪುರಿಯ ಗುಜರಿ ಸೇರಿತು. ಕೆಲಸಗಾರರು ಒಡೆದರು. ಒಳಗೆ ಕೋಬಾಲ್ಟ್-60 ಇತ್ತು. ಏಳು ಜನ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು.

ತಗುಲಿದ ಮೇಲೆ ಕೊಡುವ ಮದ್ದುಗಳೂ ಈಗ ಇವೆ. ಕ್ಯಾನ್ಸರ್ ರೋಗಿಗಳಿಗೆ ಬಿಳಿ ರಕ್ತಕಣ ಏರಿಸಲು ಕೊಡುವ ಫಿಲ್ಗ್ರಾಸ್ಟಿಮ್ ಇಂಜೆಕ್ಷನ್‌ಗೆ 2015ರಲ್ಲಿ ಅಮೆರಿಕ ಈ ಕಾಯಿಲೆಗೂ ಒಪ್ಪಿಗೆ ಕೊಟ್ಟಿತು. ಹೊಟ್ಟೆಗೆ ಹೋದ ಸೀಸಿಯಂ ಅನ್ನು ಹಿಡಿದು ಮಲದಲ್ಲಿ ಹೊರಹಾಕುವ ಪ್ರಷ್ಯನ್ ಬ್ಲೂಗೆ 2023ರಲ್ಲಿ ಭಾರತದಲ್ಲೂ ಪರವಾನಗಿ ಸಿಕ್ಕಿತು. ಅಯೋಡೈಡ್ ಮಾತ್ರೆ ಕಾಯುವುದು ಥೈರಾಯ್ಡ್ ಗ್ರಂಥಿಯನ್ನಷ್ಟೇ. ಎಲ್ಲಕ್ಕೂ ಒಂದೇ ಮದ್ದು ಇನ್ನೂ ಇಲ್ಲ.

ಅದಕ್ಕೇ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಗುಜರಿ ಅಂಗಡಿಯವರಿಗೆ, ಹಳ್ಳಿ ಸುತ್ತಿ ಹಳೇ ಕಬ್ಬಿಣ ಕೊಳ್ಳುವವರಿಗೆ ನಾವು ಹೇಳುವುದಿಷ್ಟು: ಹಳದಿ ಮೇಲೆ ಕಪ್ಪಗೆ, ಮೂರು ರೆಕ್ಕೆಯ ಫ್ಯಾನಿನಂಥ ಗುರುತು ಕಂಡರೆ ಮುಟ್ಟಬೇಡಿ, ಒಡೆಯಬೇಡಿ. ದೂರ ಸರಿದು 112ಕ್ಕೆ ಫೋನ್ ಮಾಡಿ.