ಹದಿನೆಂಟು ತುಂಬಿದ ಮೇಲೆ

ಬೌದ್ಧಿಕ ಅಸಾಮರ್ಥ್ಯವಿರುವ ಮೂವತ್ತರ ಮಗ ಮನೆಯವರ ಮೇಲೆ ಕೈ ಎತ್ತಿದರೆ, ತಲೆ ಗೋಡೆಗೆ ಚಚ್ಚಿಕೊಂಡರೆ, ಬಸ್ರೂರು ಸುತ್ತಲಿನ ಮನೆಗಳಿಗೆ ಸಿಗುವ ಸಲಹೆ ಎರಡು: ದೈವದ ದರ್ಶನದಲ್ಲಿ ಕೇಳಿ, ಇಲ್ಲವೇ ಮಾತ್ರೆ ಕೊಡಿಸಿ. ಎರಡನೆಯದೇ ವಿಜ್ಞಾನ ಎಂಬ ನಂಬಿಕೆ ಈಗ ಬಲವಾಗಿದೆ. ಬೌದ್ಧಿಕ ಅಸಾಮರ್ಥ್ಯದ ಕ್ಷೇತ್ರ ನಡೆದುಬಂದ ದಾರಿ ಅದನ್ನು ಒಪ್ಪುವುದಿಲ್ಲ.

ಹಳೆಯ ಕಾಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1912ರ ಕಾಯ್ದೆ ಬುದ್ಧಿಮಾಂದ್ಯರನ್ನೂ ಮನೋರೋಗಿಗಳನ್ನೂ ಒಂದೇ ವ್ಯಾಖ್ಯೆಯಲ್ಲಿ ತುಂಬಿತ್ತು. 1987ರ ಮಾನಸಿಕ ಆರೋಗ್ಯ ಕಾಯ್ದೆ ಇಬ್ಬರನ್ನೂ ಬೇರೆ ಮಾಡಿತು. ವೈದ್ಯರ ಚೀಟಿ ಮಾತ್ರ ಅಷ್ಟು ಸುಲಭಕ್ಕೆ ಬೇರೆಯಾಗಲಿಲ್ಲ.

ನಿಜವಾದ ಕೆಲಸ ಎಂಬತ್ತರ ದಶಕದ್ದು. 1982ರಲ್ಲಿ ಅಮೆರಿಕದಲ್ಲಿ ಇವಾಟಾ ಮತ್ತು ಸಂಗಡಿಗರು ಸಂದರ್ಭಗಳನ್ನು ಬದಲಿಸುತ್ತಾ ಹೋಗಿ, ತನ್ನನ್ನೇ ಗಾಯಗೊಳಿಸಿಕೊಳ್ಳುವ ನಡತೆ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಅಳೆದರು. 1985ರಲ್ಲಿ ಕಾರ್ ಮತ್ತು ಡ್ಯುರಾಂಡ್, ಸಹಾಯ ಕೇಳುವ ದಾರಿ ಕಲಿಸಿದರೆ ರಂಪ ಇಳಿಯುತ್ತದೆಂದು ತೋರಿಸಿದರು. ನಮ್ಮಲ್ಲಿ 1984ರಲ್ಲಿ ಸಿಕಂದರಾಬಾದಿನಲ್ಲಿ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆ ಆರಂಭವಾಯಿತು. 1992ರಲ್ಲಿ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ಭಾರತೀಯ ಮಕ್ಕಳಿಗೆಂದೇ ಅಳತೆಪಟ್ಟಿ ರೂಪಿಸಿ, ಅದರಲ್ಲಿ 75 ಸಮಸ್ಯಾ ನಡತೆಗಳನ್ನು ಪಟ್ಟಿಮಾಡಿದರು. ವೆಂಕಟೇಶನ್ ಮುಂದೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ನನ್ನ ತಲೆಮಾರಿನ ವಿಶೇಷ ಶಿಕ್ಷಕರು ಬೆಳೆದದ್ದು ಈ ನೆರಳಿನಲ್ಲೇ.

ಕಲಿತ ವಿಧಾನ ಸರಳ: ಹೊಡೆತಕ್ಕೆ ಮೊದಲು ಏನಾಯಿತು, ಆಮೇಲೆ ಏನು ಸಿಕ್ಕಿತು, ಬರೆದಿಡಿ. ಅದಕ್ಕೂ ಮೊದಲು ಹಲ್ಲು, ಕಿವಿ, ಮಲಬದ್ಧತೆ ನೋಡಿ. ಮಾತು ಬಾರದವನ ನೋವು ಕೈಯಲ್ಲಿ ಹೊರಬೀಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಚಾವಡಿಯಲ್ಲೇ ಕೂತವನಿಗೆ ಬಟ್ಟಲು ಎಸೆದಾಗಲಷ್ಟೇ ಯಾರಾದರೂ ತಿರುಗಿ ನೋಡುತ್ತಾರಾದರೆ, ಎಸೆಯುವುದನ್ನು ಕಲಿಸಿದವರು ನಾವೇ. ಇದಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ಬಹುಶಃ ಅದಕ್ಕೇ ಜನಪ್ರಿಯವಾಗಲಿಲ್ಲ.

ಮಾತ್ರೆಯ ಮೇಲಿನ ಭರವಸೆಗೆ 2008ರಲ್ಲಿ ದೊಡ್ಡ ಪೆಟ್ಟು ಬಿತ್ತು. ಮನೋವೈದ್ಯ ಟೈರರ್ ಅವರ ತಂಡ ಬೌದ್ಧಿಕ ಅಸಾಮರ್ಥ್ಯವಿರುವ, ಸೈಕೋಸಿಸ್ ಇಲ್ಲದ, ಆದರೆ ಆಕ್ರಮಣ ಮಾಡುವ 86 ವಯಸ್ಕರಲ್ಲಿ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್ ಮತ್ತು ಹುಸಿ ಮಾತ್ರೆಗಳನ್ನು ಹೋಲಿಸಿತು. ನಾಲ್ಕು ವಾರಗಳಲ್ಲಿ ಆಕ್ರಮಣ ಎಲ್ಲರಲ್ಲೂ ತಗ್ಗಿತು. ಹೆಚ್ಚು ತಗ್ಗಿದ್ದು ಹುಸಿ ಮಾತ್ರೆ ನುಂಗಿದವರಲ್ಲಿ. ಅಪಸ್ಮಾರಕ್ಕೋ ಖಿನ್ನತೆಗೋ ಔಷಧ ಬೇಕೇ ಬೇಕು. ಆದರೆ ಮಾತ್ರೆ ಕೊಟ್ಟು ಸುಮ್ಮನೆ ಕೂರಿಸುವುದು ಚಿಕಿತ್ಸೆಯಲ್ಲ.

ಕೊರತೆ ಇರುವುದು ವಯಸ್ಸಿನ ಗೆರೆಯಲ್ಲಿ. ವಯಸ್ಕರಿಗೆಂದು 2000ದಲ್ಲೇ ಅಳತೆಪಟ್ಟಿ ಬಂದರೂ ಅದನ್ನು ತೆರೆದವರನ್ನು ನಾನು ಕಂಡದ್ದು ಅಪರೂಪ. ಹದಿನೆಂಟು ತುಂಬಿ ವಿಶೇಷ ಶಾಲೆ ಬಿಟ್ಟವನಿಗೆ ಮರುದಿನದಿಂದ ದಿನಚರಿಯೇ ಇಲ್ಲ. ನಡತೆ ಕೆಡುವುದು ಅಲ್ಲಿಂದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಕ್ಕು ಕೊಟ್ಟಿತು, ಹಗಲು ಹೋಗಿ ಕೂರಲು ಜಾಗ ಕೊಡಲಿಲ್ಲ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಮನೆಮನೆಯ ದಾರಿ ಬಲ್ಲವರು, ಆದರೆ ಪಿಂಚಣಿ, ಗುರುತಿನ ಚೀಟಿಯ ಕಾಗದಗಳಲ್ಲೇ ಅವರ ದಿನ ಕಳೆಯುತ್ತದೆ. ಅವರಿಗೆ ನಡತೆ ಬರೆದಿಡುವ ತರಬೇತಿ ಕೊಟ್ಟು, ಆ ಪುಸ್ತಕ ನೋಡದೆ ಡೋಸ್ ಏರಿಸುವುದಿಲ್ಲ ಎಂದು ವೈದ್ಯರು ಒಪ್ಪಿಕೊಂಡರೆ, ನಲವತ್ತು ವರ್ಷದ ಹಿಂದಿನ ಅರಿವು ಕುಂದಾಪುರ ತಾಲೂಕಿನ ಮನೆಗಳಿಗೆ ಮೊದಲ ಸಲ ತಲುಪೀತು.